ಹೆಸರು ಮರೆಸಿದ ಮೀನು, ಗುರುತು ಹೇಳುವ ಡಿಎನ್‌ಎ

ದೂಧಗಂಗಾ, ವೇದಗಂಗಾ, ಕೃಷ್ಣಾ ನದಿಗಳ ಮೀನು ಬಲ್ಲ ಏಕಸಂಬಿ ಸೀಮೆಯ ಗಿರಾಕಿಗೆ ತಲೆ, ರೆಕ್ಕೆ, ಹುರುಪೆಗಳೇ ಮೀನಿನ ಗುರುತು. ಕಡಲಿನ ಸುರಮಯಿ, ಬಂಗಡೆಗಳನ್ನೂ ಇಡಿಯಾಗಿ ಕಂಡರೆ ಆತ ಮೋಸಹೋಗಲಾರ. ಆದರೆ ತಲೆ ಕತ್ತರಿಸಿ, ಚರ್ಮ ಸುಲಿದು, ಪೊಟ್ಟಣ ಕಟ್ಟಿದ ಮೀನಿಗೆ ಚೀಟಿಯೊಂದೇ ಸಾಕ್ಷಿ. ಆ ಸಾಕ್ಷಿಯೇ ಸುಳ್ಳಾಡಿದರೆ ಗತಿಯೇನು?

ಇದು ಬರಿಯ ಶಂಕೆಯಲ್ಲ. ಅಮೆರಿಕದಲ್ಲಿ ಓಷಿಯಾನಾ ಸಂಸ್ಥೆಯು 2010ರಿಂದ 2012ರವರೆಗೆ ಸಂಗ್ರಹಿಸಿದ 1,215 ಮಾದರಿಗಳನ್ನು ಡಿಎನ್‌ಎ ಪರೀಕ್ಷೆಗೆ ಒಳಪಡಿಸಿದಾಗ, ಮೂರರಲ್ಲೊಂದು ಪಾಲಿನ ಮೀನಿಗೆ ತಪ್ಪು ಹೆಸರು ಅಂಟಿಸಿದ್ದು ಬಯಲಾಯಿತು.

ನಮ್ಮ ನಾಡಿನ ನಿದರ್ಶನ ಆಫ್ರಿಕನ್ ಕ್ಯಾಟ್‌ಫಿಶ್. ಇದರ ಸಾಕಣೆಯನ್ನು ಕೇಂದ್ರ ಸರಕಾರ 2000ರಲ್ಲಿಯೇ ನಿಷೇಧಿಸಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಇದರ ನಾಶಕ್ಕೆ ಆದೇಶಿಸಿತು. ಆದರೂ ಬೇಗನೆ ಬೆಳೆದು ಲಾಭ ತರುವ ಈ ಮೀನು ದೇಶಿ ಮಾಗೂರ್ ಹೆಸರಿನಲ್ಲಿ ಬಿಕರಿಯಾಗುವುದುಂಟು. ಇಲ್ಲಿ ನಷ್ಟ ಗಿರಾಕಿಯ ಜೇಬಿಗೆ ಮಾತ್ರವಲ್ಲ. 2019ರ ಆಗಸ್ಟ್‌ನಂತಹ ಮಹಾಪೂರದಲ್ಲಿ ಸಾಕಣೆ ಹೊಂಡ ಒಡೆದರೆ ಈ ಹೊಟ್ಟೆಬಾಕ ಮೀನು ನದಿ ಸೇರಿ, ಅಲ್ಲಿನ ಮೀನುಗಳನ್ನೇ ನುಂಗುತ್ತದೆ. ಅದರೊಡನೆ ಮೀನುಗಾರನ ಅನ್ನವೂ ಹೋಗುತ್ತದೆ.

ಕಣ್ಣು ಸೋತಲ್ಲಿ ವಿಜ್ಞಾನ ನೆರವಾಗಬಲ್ಲದು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಡಿಎನ್‌ಎ ಬಾರ್‌ಕೋಡ್ ವಿಧಾನವನ್ನು ಮುಂದಿಟ್ಟರು. ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಒಂದು ಜೀನಿನ ಸುಮಾರು 650 ಅಕ್ಷರಗಳನ್ನು ಓದಿ, ದಾಖಲಾದ ಮಾದರಿಗಳೊಡನೆ ಹೋಲಿಸಿದರೆ ಜಾತಿ ತಿಳಿಯುತ್ತದೆ. ಇದಕ್ಕೆ ಮಾಂಸದ ಚೂರೊಂದು ಸಾಕು. ಮೈಟೊಕಾಂಡ್ರಿಯ ತಾಯಿಯಿಂದ ಮಾತ್ರ ಬರುವುದರಿಂದ ಮಿಶ್ರತಳಿಯ ಪತ್ತೆಗೆ ಜೀವಕೋಶದ ಕೇಂದ್ರದಲ್ಲಿರುವ ಡಿಎನ್‌ಎಯನ್ನೂ ಓದಬೇಕಾಗುತ್ತದೆ. ಲಖನೌದಲ್ಲಿ ಮೀನಿನ ಆನುವಂಶಿಕ ಸಂಪತ್ತಿಗೆಂದೇ ರಾಷ್ಟ್ರೀಯ ಸಂಸ್ಥೆಯಿದೆ, ವಿದ್ಯೆಗೆ ಬರವಿಲ್ಲ.

ಕಾನೂನಿಗೂ ಬರವಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 52ನೆಯ ಕಲಮು ತಪ್ಪು ಹೆಸರಿನ ಆಹಾರಕ್ಕೆ 3 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಪ್ರಶ್ನೆ ಇರುವುದು ಮಾದರಿಯನ್ನು ಎಲ್ಲಿ ತೆಗೆಯಬೇಕೆಂಬುದರಲ್ಲಿ. ಸಂತೆಯಲ್ಲಿ ಬುಟ್ಟಿ ಇಟ್ಟು ಕುಳಿತ ಹೆಣ್ಣುಮಗಳು ತನಗೆ ಬಂದ ಮಾಲನ್ನು ಬಂದ ಹೆಸರಿನಲ್ಲಿಯೇ ಮಾರುತ್ತಾಳೆ. ಆಕೆಯನ್ನು ದಂಡಿಸಿದರೆ ಮೋಸದ ಬೇರು ಹಾಗೆಯೇ ಉಳಿಯುತ್ತದೆ. ಪೊಟ್ಟಣ ಕಟ್ಟುವ ಘಟಕ, ಸಗಟು ಮಳಿಗೆ, ಮರಿ ಸಾಗಿಸುವ ವಾಹನ, ಇವುಗಳಲ್ಲಿ ಪರೀಕ್ಷೆ ನಡೆಯಬೇಕು. ರಾಜ್ಯದ ಗಡಿ ದಾಟಿದೊಡನೆ ಮೀನಿನ ಹೆಸರು ಬದಲಾಗದಿರಲು ಕರ್ನಾಟಕ, ಮಹಾರಾಷ್ಟ್ರಗಳ ಅಧಿಕಾರಿಗಳು ಕೂಡಿ ಕೆಲಸ ಮಾಡುವುದು ಅಗತ್ಯ.