ದೇಶಭಕ್ತಿಯ ಹೆಸರಿನಲ್ಲಿ ದೇಶನಾಶ

'ಈ ದೇಶಕ್ಕೆ ಒಬ್ಬ ಹಿಟ್ಲರ್ ಬರಬೇಕು ನೋಡ್ರಿ' ಎಂಬ ಮಾತನ್ನು ಚಹಾದ ಅಂಗಡಿಯಿಂದ ಮದುವೆಯ ಹಂದರದವರೆಗೆ ನಾವೆಲ್ಲರೂ ಕೇಳಿದ್ದೇವೆ. ಹೇಳುವವರು ಕೆಟ್ಟವರೇನಲ್ಲ. ಲಂಚ, ಪಕ್ಷಾಂತರ, ಕಚೇರಿಗಳ ಅಲೆದಾಟ ಇವುಗಳಿಂದ ಬೇಸತ್ತವರು. ಗಟ್ಟಿ ಮನುಷ್ಯನೊಬ್ಬ ಬಂದು ಚಾಟಿ ಬೀಸಿದರೆ ಎಲ್ಲವೂ ನೆಟ್ಟಗಾದೀತೆಂದು ನಂಬಿದವರು. ಆದರೆ ಶರಣಬಂಧುಗಳೇ, ಅಂಥವನನ್ನು ನಿಜವಾಗಿ ಪಡೆದ ದೇಶದ ಗತಿ ಏನಾಯಿತು ಎಂಬುದನ್ನು ಇವರಲ್ಲಿ ಎಷ್ಟು ಜನ ವಿಚಾರ ಮಾಡಿದ್ದಾರೆ?

1933ರ ಜನವರಿ 30ರಂದು ಹಿಟ್ಲರ್ ಜರ್ಮನಿಯ ಚಾನ್ಸಲರ್ ಆದ. ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ಸುಗ್ರೀವಾಜ್ಞೆಯೊಂದು ಹೊರಟು ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರುವ ಹಕ್ಕು ಎಲ್ಲವೂ ಹೋದವು. ಮಾರ್ಚ್ 23ರಂದು ಸಂಸತ್ತು ತನ್ನ ಶಾಸನಾಧಿಕಾರವನ್ನು 444 ಮತಗಳಿಂದ ಅವನ ಕೈಗೊಪ್ಪಿಸಿತು. ವಿರೋಧಿಸಿದವರು ಸೋಷಿಯಲ್ ಡೆಮೊಕ್ರಾಟರು ಮಾತ್ರ, 94 ಜನ. ನಾಲ್ಕು ವರ್ಷಕ್ಕೆಂದು ಕೊಟ್ಟ ಆ ಅಧಿಕಾರ ಮತ್ತೆ ಜನರ ಕೈಗೆ ಬರಲಿಲ್ಲ. ಹನ್ನೆರಡು ವರ್ಷ ಕಳೆಯುವುದರೊಳಗೆ ಜರ್ಮನಿಯ ನಗರಗಳು ಬೂದಿಯಾಗಿದ್ದವು. 60 ಲಕ್ಷ ಯಹೂದಿಗಳ ಕೊಲೆಯಾಗಿತ್ತು. ಜಗತ್ತಿನಾದ್ಯಂತ 6 ಕೋಟಿಯಷ್ಟು ಜನ ಸತ್ತಿದ್ದರು. ಆ ದೇಶವೇ ಎರಡು ಹೋಳಾಗಿ ನಾಲ್ಕು ದಶಕ ಹಾಗೆಯೇ ಉಳಿಯಿತು.

ಯುದ್ಧವಾದದ್ದು ಬೇರೆ ಮಾತು, ಶಿಸ್ತು ತಂದದ್ದು ಬೇರೆ ಮಾತು ಎನ್ನುವವರಿದ್ದಾರೆ. ಅದು ತಪ್ಪು. ಆ ಶಿಸ್ತಿನ ಹೊಟ್ಟೆಯಲ್ಲೇ ಯುದ್ಧ ಬೆಳೆಯಿತು. ಅದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ತಪ್ಪನ್ನು ತಪ್ಪೆನ್ನುವ ಬಾಯಿಗಳನ್ನೆಲ್ಲ ಮುಚ್ಚಿದ್ದು. ಜರ್ಮನಿ ಗುಟ್ಟಾಗಿ ವಾಯುಪಡೆ ಕಟ್ಟುತ್ತಿದೆ ಎಂಬುದನ್ನು 1929ರಲ್ಲಿಯೇ ತನ್ನ ಪತ್ರಿಕೆಯಲ್ಲಿ ಬಯಲು ಮಾಡಿದ ಸಂಪಾದಕ ಕಾರ್ಲ್ ಫಾನ್ ಓಸಿಯೆಟ್ಸ್ಕಿಗೆ ದೇಶದ್ರೋಹಿ ಎಂಬ ಪಟ್ಟ ಸಿಕ್ಕಿತು. ನಾಟ್ಸಿಗಳು ಬಂದ ಮೇಲೆ ಯಾತನಾಶಿಬಿರ ಸೇರಿದ ಅವನಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದರೂ ಅದನ್ನು ಸ್ವೀಕರಿಸಲು ಹೋಗಗೊಡಲಿಲ್ಲ; 1938ರಲ್ಲಿ ತೀರಿಕೊಂಡ. ಈ ಯುದ್ಧ ಜರ್ಮನಿಯನ್ನೇ ನುಂಗುತ್ತದೆ ಎಂದು ಎಚ್ಚರಿಸಿದ ಸೇನೆಯ ಜನರಲ್ ಸ್ಟಾಫ್ ಮುಖ್ಯಸ್ಥ ಲುಡ್ವಿಗ್ ಬೆಕ್ ಅದೇ ವರ್ಷ ರಾಜೀನಾಮೆ ಕೊಡಬೇಕಾಯಿತು. ಮಂತ್ರಿಮಂಡಲ ಕೊನೆಯ ಸಲ ಸಭೆ ಸೇರಿದ್ದೂ 1938ರ ಫೆಬ್ರವರಿಯಲ್ಲೇ. ಲಗಾಮಿಲ್ಲದ ಕುದುರೆ, ಮೇಲೆ ಕುರುಡ ಸವಾರ. ಬಂಡಿ ಹಳ್ಳಕ್ಕೆ ಬೀಳದೆ ಇನ್ನೆಲ್ಲಿಗೆ ಹೋದೀತು?

ಎರಡನೆಯದು ಹಣದ ಲೆಕ್ಕ. 'ಅವನು ನಿರುದ್ಯೋಗ ಹೋಗಲಾಡಿಸಿದ' ಎಂದು ಹೊಗಳುವವರು ಆ ಉದ್ಯೋಗ ಯಾವುದೆಂದು ಕೇಳಬೇಕು. ಮದ್ದುಗುಂಡಿನ ಕಾರ್ಖಾನೆ, 1935ರಿಂದ ಕಡ್ಡಾಯ ಸೈನಿಕ ಸೇವೆ. ಇದಕ್ಕೆ ದುಡ್ಡೆಲ್ಲಿಂದ ಬಂತು? ಹೆಸರಿಗಷ್ಟೇ ಇದ್ದ ಕಂಪನಿಯೊಂದರ ಹೆಸರಿನಲ್ಲಿ 1,200 ಕೋಟಿ ಮಾರ್ಕುಗಳಷ್ಟು ಹುಂಡಿಗಳನ್ನು ಗುಟ್ಟಾಗಿ ಬರೆದು ಸಾಲ ಎತ್ತಿದರು. ಬೊಕ್ಕಸ ಬರಿದಾಗುತ್ತಿದೆ ಎಂದು 1939ರ ಜನವರಿಯಲ್ಲಿ ಕೇಂದ್ರ ಬ್ಯಾಂಕಿನ ನಿರ್ದೇಶಕರು ಬರೆದುಕೊಟ್ಟರು. ಆ ಹುಂಡಿಯ ಉಪಾಯ ಹೂಡಿದ್ದ ಅಧ್ಯಕ್ಷ ಶಾಖ್ಟ್‌ನನ್ನೇ ಹಿಟ್ಲರ್ ಮನೆಗೆ ಕಳಿಸಿದ. ಆಸ್ಟ್ರಿಯದ ಚಿನ್ನ ಆಗಲೇ ಕೈಸೇರಿತ್ತು, ಆಮೇಲೆ ಚೆಕ್ ದೇಶದ ಚಿನ್ನವನ್ನೂ ಎಳೆದುಕೊಂಡ. ಹೊಲ ಅಡವಿಟ್ಟು ಬಂದೂಕು ಕೊಂಡವನ ಕಣ್ಣು ನೆರೆಯವನ ಹಗೇವಿನ ಮೇಲೆಯೇ ಇರುತ್ತದೆ.

ಮೂರನೆಯದು, ಜನರ ಜೈಕಾರ ನಿಲ್ಲದಂತೆ ದಿನಕ್ಕೊಬ್ಬ ಶತ್ರುವನ್ನು ಹುಟ್ಟಿಸಬೇಕಾದ ಅನಿವಾರ್ಯತೆ. ಮೊದಲು ಕಮ್ಯುನಿಸ್ಟರು, ಆಮೇಲೆ ಯಹೂದಿಗಳು, ಆಮೇಲೆ ಚೆಕ್ಕರು, ಕೊನೆಗೆ ಪೋಲೆಂಡಿನವರು. 1939ರ ಸೆಪ್ಟೆಂಬರ್ 2ರಿಂದ ನ್ಯೂರೆಂಬರ್ಗಿನಲ್ಲಿ ನಡೆಯಬೇಕಿದ್ದ ಪಕ್ಷದ ಅಧಿವೇಶನಕ್ಕೆ ಇಟ್ಟಿದ್ದ ಹೆಸರು 'ಶಾಂತಿ ಅಧಿವೇಶನ'! ಅದು ನಡೆಯಲೇ ಇಲ್ಲ. ಆಗಸ್ಟ್ 31ರ ರಾತ್ರಿ ತಮ್ಮದೇ ಗಡಿಯ ರೇಡಿಯೋ ಕೇಂದ್ರದ ಮೇಲೆ ತಾವೇ ದಾಳಿ ನಡೆಸಿ ಅದನ್ನು ಪೋಲರ ತಲೆಗೆ ಕಟ್ಟಿದರು. ಬೆಳಗಾಗುವುದರೊಳಗೆ ಪೋಲೆಂಡಿನ ಮೇಲೆ ಬಾಂಬು ಬಿದ್ದಿತ್ತು.

ಇದು ಜರ್ಮನರದೊಂದೇ ರೋಗವೆಂದು ತಿಳಿಯಬೇಡಿ. 1931ರಲ್ಲಿ ಜಪಾನಿನ ಸೇನಾಧಿಕಾರಿಗಳು ಮುಕ್ಡೆನ್ ಬಳಿ ತಮ್ಮದೇ ರೈಲುಹಳಿಗೆ ಸಿಡಿಮದ್ದಿಟ್ಟು, ಆ ನೆವದಲ್ಲಿ ಮಂಚೂರಿಯವನ್ನು ನುಂಗಿದರು. ಮರುವರ್ಷ ಅವರದೇ ಪ್ರಧಾನಿ ಇನುಕಾಯ್ ನೌಕಾಪಡೆಯ ಯುವ ಅಧಿಕಾರಿಗಳ ಗುಂಡಿಗೆ ಬಲಿಯಾದ. ಚೀನದ ಯುದ್ಧ ಯಾವ ಗುರಿಗಾಗಿ ಎಂದು 1940ರಲ್ಲಿ ಸಂಸತ್ತಿನಲ್ಲಿ ಕೇಳಿದ ಸೈಟೋ ಟಕಾವೊನನ್ನು ಸಂಸತ್ತಿನಿಂದಲೇ ಹೊರಹಾಕಿದರು. ಅವನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹಿರೋಷಿಮಾದಲ್ಲಿ. ರಾಷ್ಟ್ರೀಯತೆಯ ಈ ಅಮಲಿನ ಬಗ್ಗೆ ರವೀಂದ್ರನಾಥ ಟಾಗೋರರು 1916ರಲ್ಲಿಯೇ ಜಪಾನಿಗೆ ಹೋಗಿ ಎಚ್ಚರಿಸಿದ್ದರು. ಸೋತ ದೇಶದ ಕವಿಯ ಮಾತೆಂದು ಅಲ್ಲಿನ ಹಲವರು ನಕ್ಕರು.

'ಪ್ರಜಾಪ್ರಭುತ್ವದವರು ಯುದ್ಧ ಮಾಡಿಲ್ಲವೇ?' ಎಂದು ಕೇಳಬಹುದು. ಮಾಡಿದ್ದಾರೆ. 1939ರ ಸೆಪ್ಟೆಂಬರ್ 3ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ನಮ್ಮ ಒಬ್ಬ ಪ್ರತಿನಿಧಿಯನ್ನೂ ಕೇಳದೆ ಭಾರತವನ್ನು ಯುದ್ಧಕ್ಕೆ ಎಳೆದ. 25 ಲಕ್ಷ ಭಾರತೀಯರು ಆ ಸೇನೆಯಲ್ಲಿ ದುಡಿದರು. 1943ರ ಬಂಗಾಳದ ಬರದಲ್ಲಿ ಲಕ್ಷಗಟ್ಟಲೆ ಬಡವರು ಅನ್ನವಿಲ್ಲದೆ ಸತ್ತರು. ಆದರೆ ಇದು ನಮ್ಮ ಮಾತನ್ನೇ ಗಟ್ಟಿ ಮಾಡುತ್ತದೆ. ಬ್ರಿಟನ್ ತನ್ನ ಮನೆಯಲ್ಲಿ ಪ್ರಜಾಪ್ರಭುತ್ವವಿಟ್ಟುಕೊಂಡು ಇಲ್ಲಿ ಸರ್ವಾಧಿಕಾರ ನಡೆಸಿತು. ಅಲ್ಲಿ 1940ರ ಮೇ ತಿಂಗಳಲ್ಲಿ ಸ್ವಪಕ್ಷದವರೇ ತಿರುಗಿಬಿದ್ದಾಗ ಪ್ರಧಾನಿ ಚೇಂಬರ್ಲೇನ್ ಕುರ್ಚಿ ಬಿಟ್ಟ. ಇಲ್ಲಿ ವೈಸ್‌ರಾಯನನ್ನು ಇಳಿಸುವ ಅಧಿಕಾರ ನಮಗಿರಲಿಲ್ಲ. ಬರ್ಲಿನ್ ಉರಿಯುವಾಗಲೂ ಹಿಟ್ಲರನನ್ನು ಇಳಿಸುವ ಅಧಿಕಾರ ಯಾರಿಗೂ ಇರಲಿಲ್ಲ. ತಪ್ಪು ಮಾಡದ ಆಳ್ವಿಕೆ ಎಲ್ಲಿಯೂ ಇಲ್ಲ. ತಪ್ಪು ಮಾಡಿದವನನ್ನು ಇಳಿಸಲು ಬರುತ್ತದೋ ಇಲ್ಲವೋ ಎಂಬುದೇ ಪ್ರಶ್ನೆ.

ನಾಡನ್ನು ಪ್ರೀತಿಸುವುದು ಬೇಡವೆಂದು ಯಾರೂ ಹೇಳುತ್ತಿಲ್ಲ. ನಾಡೆಂದರೆ ಅದರಲ್ಲಿ ಬದುಕುವ ಜನ. ಅವರ ಅನ್ನ, ಅಕ್ಷರ, ಆರೋಗ್ಯಗಳ ಚಿಂತೆ ಮಾಡುವುದು ದೇಶಭಕ್ತಿ. ನೆರೆಯವನನ್ನು ದ್ವೇಷಿಸುವುದೇ ದೇಶಭಕ್ತಿ ಎಂದು ಯಾವಾತ ಹೇಳುತ್ತಾನೋ ಅವನಿಗೆ ನಿಮ್ಮ ಮಗನ ರಕ್ತ ಬೇಕಾಗಿದೆ, ಅವನ ಸ್ವಂತ ಮಗನದಲ್ಲ.

ಆದ್ದರಿಂದ ಮುಂದಿನ ಸಲ ಹಂದರದಲ್ಲಿ ಆ ಮಾತು ಬಂದಾಗ ನಕ್ಕು ಸುಮ್ಮನಾಗಬೇಡಿ. 444 ಮತ್ತು 94ರ ಲೆಕ್ಕ ಹೇಳಿರಿ. ಪ್ರಶ್ನೆ ಕೇಳಿದವನಿಗೆ ಯಾರಾದರೂ ದೇಶದ್ರೋಹಿಯ ಪಟ್ಟ ಕಟ್ಟಲು ಬಂದರೆ ಅವನ ಪಕ್ಕಕ್ಕೆ ಹೋಗಿ ನಿಲ್ಲಿರಿ. ಅವನ ಪ್ರಶ್ನೆ ತಪ್ಪೇ ಇರಲಿ, ಕೇಳುವ ಹಕ್ಕು ತಪ್ಪಲ್ಲ. ಅದು ಹೋದ ದಿನವೇ ಯುದ್ಧದ ಬಾಗಿಲು ತೆರೆಯುತ್ತದೆ.