ಎಳೆಯ ಹೃದಯದ ಮೊದಲ ಸುಳಿವು

ಹಸುಗೂಸಿನ ಹೃದಯದಲ್ಲಿ ಗೆಡ್ಡೆಯಿದೆ ಎಂದರೆ ಯಾವ ತಾಯಿಯಾದರೂ ನಡುಗುತ್ತಾಳೆ. ಆದರೆ ರ‍್ಯಾಬ್ಡೊಮಯೋಮಾ ಎಂಬ ಈ ಗೆಡ್ಡೆ ಕ್ಯಾನ್ಸರ್ ಅಲ್ಲ. ಬಹುಪಾಲು ಮಕ್ಕಳಲ್ಲಿ ಕೆಲವೇ ವರ್ಷಗಳಲ್ಲಿ ತಾನಾಗಿ ಕುಗ್ಗುತ್ತದೆ. ಹಾಗಿದ್ದರೆ ಹುಡುಕುವುದೇಕೆ ಎಂದು ಕೇಳಬಹುದು. ಕುಗ್ಗುವ ಮುನ್ನವೇ ಅದು ರಕ್ತದ ಹರಿವಿಗೆ ಅಡ್ಡಬರಬಹುದು, ಹೃದಯಬಡಿತದ ಲಯ ಕೆಡಿಸಬಹುದು. ಅದಕ್ಕಿಂತ ಮುಖ್ಯವಾಗಿ, ಸುಮಾರು 6,000 ಜನನಗಳಲ್ಲಿ ಒಂದರಲ್ಲಿ ಕಾಣುವ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ವಂಶವಾಹಿ ಕಾಯಿಲೆಯ ಮೊದಲ ಸುಳಿವು ಅದೇ ಆಗಿರುವುದುಂಟು. ಆ ಸುಳಿವು ಸಿಕ್ಕರೆ, ಮುಂದೆ ಕಾಡಬಹುದಾದ ಫಿಟ್ಸ್‌ಗೆ ತಡಮಾಡದೆ ಚಿಕಿತ್ಸೆ ಕೊಡಲು ಸಾಧ್ಯ.

ಇಷ್ಟು ಅಪರೂಪದ ಕಾಯಿಲೆಗೆ ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯಂಥ ಊರಿನಲ್ಲಿ ಏನು ಮಾಡಲಾದೀತು ಎಂಬುದು ಇನ್ನೊಂದು ಆಕ್ಷೇಪ. ಊರಲ್ಲೇ ಹೃದ್ರೋಗ ತಜ್ಞರು ಇರಬೇಕಿಲ್ಲ. ಗರ್ಭಿಣಿಯರ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಹೃದಯವನ್ನು ಎಚ್ಚರದಿಂದ ನೋಡಿ, ಅನುಮಾನ ಬಂದ ಕೂಸಿಗೆ ಇಸಿಜಿ, ಎಕೋ ಮಾಡಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದಲೇ ಮಕ್ಕಳ ತಪಾಸಣೆಗೆ ಇದೆ. ಬೆಂಗಳೂರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯಿದೆ. ಹಳ್ಳಿಯಿಂದ ಅಲ್ಲಿಯವರೆಗಿನ ಕೊಂಡಿ ಗಟ್ಟಿಯಾಗಬೇಕು. ಇನ್ನು, ಟ್ಯೂಬರಸ್ ಸ್ಕ್ಲೆರೋಸಿಸ್ ಇರುವ ಮೂರರಲ್ಲಿ ಸುಮಾರು ಎರಡು ಪಾಲು ಮಕ್ಕಳಲ್ಲಿ ವಂಶವಾಹಿಯ ದೋಷ ಹೆತ್ತವರಿಂದ ಬಂದದ್ದಲ್ಲ, ಹೊಸದಾಗಿ ಮೂಡಿದ್ದು. ಹಾಗಾಗಿ ಹೆತ್ತವರನ್ನು ದೂರುವುದು ಸಲ್ಲದು. ಐದನೇ ತಿಂಗಳ ಸ್ಕ್ಯಾನಿಂಗ್ ಅನ್ನು ಯಾವ ಮನೆಯೂ ತಪ್ಪಿಸದಿರಲಿ.