ಗೃಹಶುಶ್ರೂಷೆಯೂ ಅದರ ವೆಚ್ಚವೂ

‘ಶುಶ್ರೂಷೆ’ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ‘ಕೇಳಬೇಕೆಂಬ ಇಚ್ಛೆ’ ಎಂಬುದೇ ಮೂಲಾರ್ಥವು. ಹಿರಿಯರ ಮಾತನ್ನು ಕೇಳುವುದೇ ಅವರ ಸೇವೆಗೆ ಮೊದಲು. ಆದರೆ ಆ ಸೇವೆಯನ್ನು ಮಾಡುವವಳ ಮಾತನ್ನು ಕೇಳುವವರಾರು? ಈ ತಿಂಗಳು ವಾಚಕರ ಮುಂದೆ ಈ ಪ್ರಶ್ನೆಯನ್ನು ಇಡಲು ನಾವು ಇಚ್ಛಿಸುತ್ತೇವೆ.

ನಾವು ವಾಸಮಾಡುವ ಹೆಗ್ಗನಹಳ್ಳಿಯು ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಿರುವುದು. ನಾನಾ ಜಿಲ್ಲೆಗಳಿಂದ ಬಂದು ಇಲ್ಲಿನ ಕಾರ್ಖಾನೆಗಳಲ್ಲಿ ಮೈಮುರಿದು ದುಡಿದವರು ಅನೇಕರು ಈಗ ವೃದ್ಧರಾಗಿರುವರು. ಅಂತಹ ಒಂದು ಮನೆಯನ್ನು ವಾಚಕರು ಭಾವಿಸಿಕೊಳ್ಳಲಿ. ಅತ್ತೆಯು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದೊಡನೆ, ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದ ಸೊಸೆಯು ಕೆಲಸ ಬಿಡುವಳು. ‘ಮನೆಯಲ್ಲಿಯೇ ನೋಡಿಕೊಂಡರೆ ಖರ್ಚೇನೂ ಇಲ್ಲ’ ಎಂದು ಗಂಡನು ಸಮಾಧಾನಪಡುವನು. ಬೇರೆ ಊರಿನಲ್ಲಿರುವ ಮೈದುನನು ಹಬ್ಬಕ್ಕೆ ಹಣ್ಣು ತಂದು, ‘ಅತ್ತಿಗೆ, ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳಿ’ ಎಂದು ಹೇಳಿ ಹೊರಟುಹೋಗುವನು.

ಖರ್ಚಿಲ್ಲವೆಂಬುದು ಭ್ರಾಂತಿ. ಸೊಸೆಯ ಸಂಬಳ ನಿಂತುದು ಮೊದಲನೆಯ ಖರ್ಚು. ಅವಳ ಭವಿಷ್ಯನಿಧಿಯ ಕಂತು ನಿಂತುದು ಎರಡನೆಯದು. ಹಗಲಿರುಳು ರೋಗಿಯನ್ನು ಎತ್ತಿ ಮಲಗಿಸಿ ಅವಳ ನಡು ಬೀಳುವುದು ಮೂರನೆಯದು. ಅವಳೂ ಒಂದು ದಿನ ಮುದುಕಿಯಾಗತಕ್ಕವಳೇ ಅಲ್ಲವೆ?

ಸರ್ಕಾರದ ನೆರವು ಇಲ್ಲವೆಂದಲ್ಲ. 65 ವರ್ಷ ತುಂಬಿದ ಬಡವರಿಗಾಗಿ ಇರುವ ಸಂಧ್ಯಾ ಸುರಕ್ಷಾ ವೇತನವು 2021ರಲ್ಲಿ ತಿಂಗಳಿಗೆ 1200 ರೂಪಾಯಿಗೆ ಏರಿತು. ಕಾರ್ಖಾನೆಯ ನೌಕರರ ಭವಿಷ್ಯನಿಧಿ ಪಿಂಚಣಿಗೆ 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಮೊತ್ತವು 1000 ರೂಪಾಯಿ. ಔಷಧಕ್ಕೂ ಡಯಪರಿಗೂ ಹಾಲಿಗೂ ಇದು ಸಾಲುವುದೆ? ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಒದಗಿಸುವ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯು ಇರುವುದು ಆಸ್ಪತ್ರೆಗಾಗಿ. ಮನೆಗೆ ಹಿಂದಿರುಗಿದ ಮೇಲೆ ರೋಗಿಯ ಪಕ್ಕದಲ್ಲಿ ಕುಳಿತಿರುವವಳಿಗಾಗಿ ಅಲ್ಲ.

ಜರ್ಮನಿಯು 1995ರಲ್ಲಿ ಆರೈಕೆಗಾಗಿಯೇ ಒಂದು ವಿಮೆಯನ್ನು ಏರ್ಪಡಿಸಿತು. ಮನೆಯವರೇ ಆರೈಕೆ ಮಾಡಿದರೂ ಅದರಿಂದ ಹಣ ದೊರೆಯುವುದು. ಜಪಾನಿನಲ್ಲಿ 2000ದಿಂದ, 40 ವರ್ಷ ದಾಟಿದವರೆಲ್ಲರೂ ಇಂತಹ ವಿಮೆಗೆ ಕಂತು ಕಟ್ಟುವರು. ನಮ್ಮ ದೇಶಕ್ಕೂ ಅಂತಹ ಏರ್ಪಾಡು ಬರಬೇಕೆಂದು ನಾವು ಹಾರೈಸುತ್ತೇವೆ. ಅದು ಬರುವವರೆಗೆ ಮನೆಯೊಳಗೇ ನ್ಯಾಯವು ಪ್ರಾರಂಭವಾಗತಕ್ಕದ್ದು.

ಮಕ್ಕಳೆಲ್ಲರೂ ಒಂದು ಭಾನುವಾರ ಕೂಡಿ ಕುಳಿತು ಲೆಕ್ಕದ ಪುಸ್ತಕವನ್ನು ತೆರೆಯಲಿ. ಔಷಧ, ಆಹಾರ, ಹೋಂ ನರ್ಸ್ ಬಂದರೆ ಅವಳ ಕೂಲಿ, ಇವುಗಳೊಡನೆ ಕೆಲಸ ಬಿಟ್ಟವಳ ಸಂಬಳವನ್ನೂ ಬರೆಯಲಿ. ಹತ್ತಿರವಿರುವವರು ಮೈಯಿಂದ ದುಡಿದರೆ ದೂರವಿರುವವರು ಹಣವನ್ನು ಹೆಚ್ಚಾಗಿ ಕೊಡಲಿ. ಹೆಣ್ಣುಮಕ್ಕಳೂ ಆಸ್ತಿಯಲ್ಲಿ ಪಾಲುಳ್ಳವರಾದುದರಿಂದ ಭಾರದಲ್ಲಿಯೂ ಪಾಲುಗೊಳ್ಳಲಿ. ಆ ಹಣವು ಆರೈಕೆ ಮಾಡುವವಳ ಹೆಸರಿನ ಬ್ಯಾಂಕ್ ಖಾತೆಗೇ ಸೇರಲಿ. ತಿಂಗಳಿಗೆ ಕೆಲವು ದಿನವಾದರೂ ಬೇರೊಬ್ಬರು ಬಂದು ಅವಳಿಗೆ ಬಿಡುವು ಕೊಡಲಿ.

ಹಿರಿಯರಿಗೂ ಒಂದು ಮಾತು. ಮನೆಯನ್ನು ಮಕ್ಕಳಿಗೆ ದಾನಪತ್ರ ಮಾಡಿಕೊಡುವಾಗ ತಮ್ಮ ಪೋಷಣೆಯ ಕರಾರನ್ನು ಪತ್ರದಲ್ಲಿಯೇ ಬರೆಯಿಸತಕ್ಕದ್ದು. ಆ ಕರಾರು ಮುರಿದರೆ 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಮಿನಂತೆ ದಾನವನ್ನು ರದ್ದುಪಡಿಸಲು ಕೇಳಬಹುದು. ಪೋಷಿಸಿಕೊಳ್ಳಲು ಶಕ್ತಿಯಿಲ್ಲದ ತಂದೆತಾಯಿಗಳು ಅದೇ ಕಾಯಿದೆಯಂತೆ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿಯಿಟ್ಟು, ತಿಂಗಳಿಗೆ 10,000 ರೂಪಾಯಿಯ ಮಿತಿಯೊಳಗೆ ಮಕ್ಕಳಿಂದ ಜೀವನಾಂಶವನ್ನು ಪಡೆಯಬಹುದು. ಅಲ್ಲಿಯವರೆಗೆ ಹೋಗದಂತೆ ನೋಡಿಕೊಳ್ಳುವುದು ಮಕ್ಕಳ ಮರ್ಯಾದೆ.

ಸೇವೆಗೆ ಬೆಲೆ ಕಟ್ಟುವುದು ಪ್ರೀತಿಗೆ ಕುಂದೆಂದು ಕೆಲವರು ಆಕ್ಷೇಪಿಸುವರು. ಪ್ರೀತಿಗೆ ಬೆಲೆಯಿಲ್ಲವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಅಕ್ಕಿಗೆ ಬೆಲೆಯುಂಟು, ಬಾಡಿಗೆಗೆ ಬೆಲೆಯುಂಟು. ಇವೆರಡನ್ನೂ ಒಬ್ಬಳ ತಲೆಯ ಮೇಲೆಯೇ ಹೊರಿಸಿ ಅವಳನ್ನು ತ್ಯಾಗಮೂರ್ತಿಯೆಂದು ಹೊಗಳುವುದು ಧರ್ಮವಲ್ಲ.